ಯಾರ ಹೆಸರಿನ ಉಂಗುರ?

ಹೋದ ಶ್ರಾವಣದಲ್ಲಿ ನಿಶ್ಚಿತಾರ್ಥದ ಉಂಗುರ ನೋಡೋಕೆ ಅಂತ ನಾನೂ ನಮ್ಮ ಹುಡುಗನೂ ಬೆಂಗಳೂರಿನ ಒಂದು ಮಾಲ್‌ಗೆ ಹೋಗಿದ್ದೆವು. ಹುಡುಗ ಮೈಸೂರಿನವನು. ಅವನು ಚಿನ್ನ ಅಂತಾನೆ, ನಾನು ಬಂಗಾರ ಅಂತೀನಿ. ಅಲ್ಲಿಯವರೆಗೆ ನಮ್ಮಿಬ್ಬರ ನಡುವಿನ ಭಿನ್ನಾಭಿಪ್ರಾಯ ಅಷ್ಟೇ ಇತ್ತು. ದೊಡ್ಡ ಹೆಸರಿನ ಆ ಶೋರೂಮಿನಲ್ಲಿ ನೀರು ಕೊಡೋಕೆ ಒಬ್ಬರು, ಕೈಗವಸು ಹಾಕಿಕೊಂಡು ಉಂಗುರ ತೋರಿಸೋಕೆ ಇನ್ನೊಬ್ಬರು. 18 ಕ್ಯಾರಟ್ ಬಂಗಾರ, ನಡುವೆ ಒಂಟಿ ಹರಳು. ಬೆರಳಿಗೆ ಹಾಕಿ ನೋಡಿದೆ. ಚೆಂದ ಇತ್ತು, ಸುಳ್ಳು ಯಾಕೆ ಹೇಳಲಿ. ಫೋಟೊ ತೆಗೆದು ಊರಿಗೆ ಕಳಿಸಿದೆ.

ನಮ್ಮೂರು ಕುಷ್ಟಗಿ ತಾಲ್ಲೂಕಿನ ತಾವರಗೇರಾ. ಅವ್ವ ಕೂಡಲೇ ಫೋನ್ ಮಾಡಿದಳು. ಚೆಂದ ಐತಿ ಅಂತಲೂ ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ.

"ಎಷ್ಟ ಗ್ರಾಮ ಐತವಾ?"

"ನಾಲ್ಕು."

"ನಾಕ ಗ್ರಾಮಾ? ಮತ್ತ ರೊಕ್ಕ?"

ಹೇಳಿದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಫ್ಯಾನಿನ ಸದ್ದು ಮಾತ್ರ ಕೇಳಿಸಿತು. "ಹಂಗಾರ ಉಳದ ರೊಕ್ಕ ಯಾತಕ್ಕ?" ಅಂದಳು.

ಉತ್ತರ ಗೊತ್ತಿರಲಿಲ್ಲ. ಆಮೇಲೆ ಕೂತು ಲೆಕ್ಕ ಹಾಕಿದೆ. 18 ಕ್ಯಾರಟ್ ಅಂದರೆ ನೂರರಲ್ಲಿ 75 ಭಾಗ ಅಪ್ಪಟ ಬಂಗಾರ. ನಾಲ್ಕು ಗ್ರಾಮಿನ ಉಂಗುರದಲ್ಲಿ ಮೂರೇ ಗ್ರಾಂ. ನಮ್ಮೂರಿಂದ ಮುದಗಲ್, ಲಿಂಗಸುಗೂರು ದಾಟಿದರೆ ಹಟ್ಟಿ ಚಿನ್ನದ ಗಣಿ ಸಿಗುತ್ತದೆ. ಕೋಲಾರದ ಗಣಿ 2001ರಲ್ಲಿ ಮುಚ್ಚಿತು, ಹಟ್ಟಿ ಇನ್ನೂ ನಡೀತಿದೆ. ಅಲ್ಲಿ ಒಂದು ಟನ್ ಕಲ್ಲು ಪುಡಿ ಮಾಡಿದರೆ ಸಿಗೋದು ಕೆಲವೇ ಗ್ರಾಂ. ಮೂರು ಗ್ರಾಂ ಅನ್ನೋದು ಹಾಗೆ ನೋಡಿದರೆ ತಮಾಷೆಯ ಮಾತಲ್ಲ. ಆದರೆ ಆ ಮೂರು ಗ್ರಾಮಿನ ಬೆಲೆ ಬಿಲ್ಲಿನ ಒಂದು ಮೂಲೆಗೂ ಸಾಲುತ್ತಿರಲಿಲ್ಲ.

ಉಳಿದದ್ದು ಹರಳಿಗೆ ಹೋಯಿತು ಅನ್ನೋಣ. ಹರಳಿಗೆ ಜಿಐಎ ಸರ್ಟಿಫಿಕೇಟ್ ಇತ್ತು. ತೂಕ, ಬಣ್ಣ, ಸ್ವಚ್ಛತೆ, ಕಟ್ ಎಲ್ಲಕ್ಕೂ ದರ್ಜೆ ಹಾಕಿರುತ್ತಾರೆ. ಅದೇ ದರ್ಜೆ, ಅದೇ ತೂಕದ, ಅದೇ ಸಂಸ್ಥೆಯ ಸರ್ಟಿಫಿಕೇಟ್ ಇರೋ ಹರಳನ್ನು ಹೆಸರಿಲ್ಲದ ಅಂಗಡಿಯಲ್ಲಿ ವಿಚಾರಿಸಿದೆವು. ಆ ಬ್ರ್ಯಾಂಡಿನ ಒಂದು ಉಂಗುರದ ದುಡ್ಡಿಗೆ ಇಲ್ಲಿ ಅಂಥವೇ ಎರಡು ಬಂದು, ಮೇಲೆ ಚಿಲ್ಲರೆ ಉಳೀತಿತ್ತು. ಅಂದಮೇಲೆ ಅವ್ವ ಕೇಳಿದ "ಉಳದ ರೊಕ್ಕ" ಹೋಗ್ತಿದ್ದದ್ದು ಹೆಸರಿಗೆ.

ಹೆಸರಿಗೆ ದುಡ್ಡು ಕೊಡೋದೇ ದಡ್ಡತನ ಅಂತ ನಾನು ಹೇಳೋದಿಲ್ಲ. ನಮ್ಮ ಕಡೆ ಬಂಗಾರ ಯಾವತ್ತೂ ಹೆಸರಿನ ಮೇಲೇ ನಡೆದದ್ದು. ಒಂದು ಮನೆಗೆ ಒಬ್ಬರು ಪತ್ತಾರರು. ಅಜ್ಜಿಯ ಬೋರಮಾಳ ಮಾಡಿದವರ ಮಗನೇ ಮೊಮ್ಮಗಳ ಕಿವಿಯೋಲೆ ಮಾಡಬೇಕು. ಬಿಲ್ಲಿಲ್ಲ, ಚೀಟಿ ಇಲ್ಲ. ಆ ನಂಬಿಕೆಗೆ ಎಲ್ಲರೂ ಲಾಯಕ್ಕಾಗಿರಲಿಲ್ಲ ಅನ್ನೋದೂ ಗೊತ್ತು. ನಾನು ಎಂಟನೇ ಇಯತ್ತೆಯಲ್ಲಿದ್ದಾಗ ಅವ್ವ ತನ್ನ ಪಾಟ್ಲಿ ಮುರಿಸಿ ಬೇರೆ ಮಾಡಿಸೋಕೆ ಹೋದಳು. ಕರಗಿಸಿದ ಮೇಲೆ ಬಂಗಾರ ಹೇಳಿದ್ದಕ್ಕಿಂತ ಎಷ್ಟೋ ಕಮ್ಮಿ ಬಂತು. ಮಾಡಿಕೊಟ್ಟವರು ಯಾರು ಅಂತ ಅವ್ವ ಇವತ್ತಿಗೂ ಬಾಯಿಬಿಟ್ಟಿಲ್ಲ. ಬೀಗರ ಪೈಕಿ ಇರಬೇಕು.

ಇಂಥ ಲಕ್ಷಾಂತರ ಪಾಟ್ಲಿಗಳ ಮೇಲೇ ಬ್ರ್ಯಾಂಡುಗಳು ನಮ್ಮಲ್ಲಿ ಎದ್ದು ನಿಂತದ್ದು. ಬೆಂಗಳೂರಿನ ಟೈಟನ್ ಕಂಪನಿ 1990ರ ದಶಕದ ನಡುವೆ ತನಿಷ್ಕ್ ಶುರುಮಾಡಿದಾಗ ಮೊದಲು 18 ಕ್ಯಾರಟ್ ಒಡವೆ ಮಾರೋಕೆ ನೋಡಿ ಸೋತಿತು. ನಮ್ಮ ಅವ್ವಂದಿರು ಒಪ್ಪಲಿಲ್ಲ. ಆಮೇಲೆ 22ಕ್ಕೆ ಬಂದರು, ಅಂಗಡಿಯಲ್ಲೇ ಕ್ಯಾರಟ್ ಮೀಟರ್ ಇಟ್ಟರು. ಒಡವೆ ಕರಗಿಸದೆ ಅದರಲ್ಲಿ ಎಷ್ಟು ಬಂಗಾರ ಇದೆ ಅಂತ ಹೇಳೋ ಯಂತ್ರ. ಮನೆಯಿಂದ ತಂದ ಬಳೆ ಇಟ್ಟು ನೋಡಿದ ಎಷ್ಟೋ ಹೆಂಗಸರಿಗೆ ಅವತ್ತೇ ಸತ್ಯ ಗೊತ್ತಾಯಿತು. ಆ ಕಾಲದಲ್ಲಿ ಬ್ರ್ಯಾಂಡಿಗೆ ಕೊಟ್ಟ ಹೆಚ್ಚಿನ ದುಡ್ಡು ದಂಡವಲ್ಲ, ಅದು ನಂಬಿಕೆಯ ಬೆಲೆ.

ಈಗ? 2023ರ ಏಪ್ರಿಲ್ 1ರಿಂದ ಆರಂಕಿಯ ಎಚ್‌ಯುಐಡಿ ಇಲ್ಲದೆ ಹಾಲ್‌ಮಾರ್ಕ್ ಒಡವೆ ಮಾರೋ ಹಾಗಿಲ್ಲ. ಬಿಐಎಸ್ ಗುರುತು, 22ಕೆ916 ಅಂತ ಶುದ್ಧತೆ, ಆಮೇಲೆ ಆ ಆರು ಅಂಕಿ-ಅಕ್ಷರ. ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ಯಾವ ಅಂಗಡಿಯದು, ಎಲ್ಲಿ ಪರೀಕ್ಷೆ ಆಯಿತು, ಎಲ್ಲ ಬರುತ್ತೆ. ಇಷ್ಟಕ್ಕೆ ಪರೀಕ್ಷಾ ಕೇಂದ್ರ ತಗೊಳ್ಳೋದು ಒಂದು ಒಡವೆಗೆ 45 ರೂಪಾಯಿ, ಮೇಲೆ ಜಿಎಸ್‌ಟಿ. ಮೊದಲು ಹೆಸರು ಕೊಡುತ್ತಿದ್ದ ಭರವಸೆಯ ದೊಡ್ಡ ಪಾಲು ಈಗ ಒಂದು ಫಿಲ್ಟರ್ ಕಾಫಿ, ಒಂದು ಇಡ್ಲಿಯ ದುಡ್ಡಿಗೆ ಸಿಗ್ತಿದೆ. ಹೆಸರಿನ ಬೆಲೆ ಮಾತ್ರ ಇಳಿದಿಲ್ಲ.

ಕೆಲಸಗಾರಿಕೆಗೆ ಕೊಡಬೇಕಾದ್ದನ್ನು ಕೊಡಬೇಕು. ಟಿಫನಿಯವರು 1886ರಲ್ಲಿ ಆರು ಉಗುರುಗಳ ಮೇಲೆ ಹರಳನ್ನು ಎತ್ತಿ ಕೂರಿಸಿದ್ದು ನಿಜಕ್ಕೂ ಜಾಣ ಕೆಲಸ. ಸುತ್ತಲಿಂದ ಬೆಳಕು ಹೋಗಿ ಹರಳು ಬದುಕುತ್ತೆ. ಆದರೆ ಆರು ಉಗುರಿನ ಕಟ್ಟು ಇವತ್ತು ಊರೂರಿನ ಅಂಗಡಿಯಲ್ಲೂ ಸಿಗುತ್ತೆ. ದೊಡ್ಡ ಅಂಗಡಿಗಳು ಹರಳಿನ ಒಡವೆಯನ್ನು ವಾಪಸ್ ತಗೊಳ್ತೀವಿ ಅಂತ ಬರೆದುಕೊಡೋದು ಇನ್ನೊಂದು ಅನುಕೂಲ. ಅದರಲ್ಲಿ ಎಷ್ಟು ಕಡಿತ, ನಗದೋ ಬದಲಿ ಒಡವೆಯೋ ಅನ್ನೋದನ್ನು ಮಾತ್ರ ಸಣ್ಣಕ್ಷರದಲ್ಲಿ ಓದಿಕೊಳ್ಳಿ. ನೀವು ಕಟ್ಟಿದ 3% ಜಿಎಸ್‌ಟಿಯಂತೂ ಬರೋದಿಲ್ಲ.

ನಮ್ಮ ಹುಡುಗನ ವಾದ ಬೇರೆ. "ಎಲ್ಲದರಲ್ಲೂ ವಾಪಸ್ ಎಷ್ಟು ಬರುತ್ತೆ ಅಂತ ನೋಡಿದ್ರೆ ಹೇಗೆ? ನೀನು ಫೋನ್ ತಗೊಳ್ಳುವಾಗ ಹಾಗೆ ನೋಡಿದ್ಯಾ?" ಅಂದ. ಒಪ್ಪಬೇಕಾದ ಮಾತು. ಆದರೆ ಫೋನನ್ನು ಯಾರೂ ಶಾಶ್ವತ ಅಂತ ಮಾರೋದಿಲ್ಲ. ವಜ್ರ ಶಾಶ್ವತ ಅನ್ನೋ ಅರ್ಥದ ಸಾಲನ್ನು ಫ್ರಾನ್ಸಿಸ್ ಗೆರೆಟಿ ಅನ್ನೋ ಜಾಹೀರಾತು ಬರಹಗಾರ್ತಿ 1947ರಲ್ಲಿ ಡಿ ಬೀರ್ಸ್ ಕಂಪನಿಗಾಗಿ ಬರೆದರು (ಆಕೆ ಮದುವೆಯನ್ನೇ ಆಗಲಿಲ್ಲ). ಉಂಗುರಕ್ಕೆ ಎರಡು ತಿಂಗಳ ಸಂಬಳ ಅನ್ನೋ ಲೆಕ್ಕವೂ ಯಾವ ದೇಶದ ಸಂಪ್ರದಾಯವೂ ಅಲ್ಲ, 1980ರ ದಶಕದ ಅದೇ ಕಂಪನಿಯ ಜಾಹೀರಾತು. ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಹುಡುಗರು ಅದನ್ನು ಶಾಸ್ತ್ರದ ಹಾಗೆ ಹೇಳ್ತಾರೆ, ಇಎಂಐ ಹಾಕಿಸಿಕೊಂಡು ಪಾಲಿಸ್ತಾರೆ ಕೂಡ. ಈ ನಡುವೆ ಸೂರತ್ತಿನಲ್ಲಿ ವಜ್ರವನ್ನು ಯಂತ್ರದಲ್ಲೇ ಬೆಳೆಸ್ತಿದ್ದಾರೆ. 2023ರಲ್ಲಿ ನಮ್ಮ ಪ್ರಧಾನಿ ಅಮೆರಿಕದ ಅಧ್ಯಕ್ಷರ ಪತ್ನಿಗೆ ಉಡುಗೊರೆ ಕೊಟ್ಟದ್ದು ಅಂಥದೇ 7.5 ಕ್ಯಾರಟ್ಟಿನ ಹರಳು. ನೆಲದ ವಜ್ರಕ್ಕೂ ಅದಕ್ಕೂ ಬರಿಗಣ್ಣಿಗೆ ವ್ಯತ್ಯಾಸ ಕಾಣೋದಿಲ್ಲ. ಹರಳು ಅಪರೂಪ ಅನ್ನೋ ಮಾತು ಸಡಿಲಾದಷ್ಟೂ ಪೆಟ್ಟಿಗೆಯ ಮೇಲಿನ ಹೆಸರು ದಪ್ಪ ಆಗ್ತಾ ಹೋಗ್ತದೆ.

ಹುಡುಗನಿಗೆ ನಾನು ಅವತ್ತು ಹೇಳಿದ್ದು ಬೋರಮಾಳದ ಕಥೆ. ನಮ್ಮ ಹೊಲ ಮಳೆ ನಂಬಿದ್ದು. ಸಜ್ಜೆ, ತೊಗರಿ. ಮುಂಗಾರಿಗೆ ಬೀಜ-ಗೊಬ್ಬರ ಬೇಕಾದಾಗ ಅವ್ವನ ಟ್ರಂಕು ತೆಗೀತಿತ್ತು. ಸುಗ್ಗಿ ಕೈಹತ್ತಿದರೆ ಒಡವೆ ಮನೆಗೆ ಬರ್ತಿತ್ತು. ಬರಗಾಲ ಬಿದ್ದರೆ ಬಡ್ಡಿ ಕಟ್ಟಿ ಮುಂದಿನ ವರ್ಷಕ್ಕೆ ದಾಟಿಸೋದು. ನನ್ನ ಇಂಜಿನಿಯರಿಂಗ್ ಮೊದಲ ವರ್ಷದ ಹಾಸ್ಟೆಲ್ ಫೀಸಿಗೆ ಬೋರಮಾಳ ಬ್ಯಾಂಕಿಗೆ ಹೋಯಿತು. ಕೊರಳಿಗೆ ಬರಿ ತಾಳಿ ಹಾಕಿಕೊಂಡು ಅವ್ವ ಎರಡು ಮದುವೆಗೆ ಹೋಗಿ ಬಂದಳು. ಯಾರೋ ಕೇಳಿದರಂತೆ. "ಮಗಳ ಕೊರಳಾಗ ಐತಿ" ಅಂದಳಂತೆ. ನನ್ನ ಕೊರಳಲ್ಲಿ ಅವತ್ತು ಇದ್ದದ್ದು ಕಾಲೇಜಿನ ಐಡಿ ಕಾರ್ಡ್.

ಬ್ಯಾಂಕಿನವರು ಬಂಗಾರ ಅಡವಿಟ್ಟುಕೊಳ್ಳುವಾಗ ಹರಳಿನ ತೂಕ ಕಳೀತಾರೆ, ಮಾಡಿದ ಕೂಲಿ ಹಿಡಿಯೋದಿಲ್ಲ, ಅಂಗಡಿಯ ಹೆಸರು ಕೇಳೋದೂ ಇಲ್ಲ. ರಿಸರ್ವ್ ಬ್ಯಾಂಕಿನ ನಿಯಮವೇ ಹಾಗೆ, ಬಂಗಾರಕ್ಕೆ ಮಾತ್ರ ಬೆಲೆ. ಆ ಶೋರೂಮಿನ ಉಂಗುರ ತಕ್ಕಡಿಗೆ ಬಿದ್ದರೆ ನಾಲ್ಕು ಗ್ರಾಂ ಕೆಳದರ್ಜೆ ಬಂಗಾರ ಅಷ್ಟೇ. ಅವ್ವ ಗ್ರಾಂ ಕೇಳಿದ್ದು ಜಿಪುಣತನಕ್ಕಲ್ಲ. ಬರಗಾಲದಲ್ಲಿ ಇದು ನನ್ನನ್ನು ಎಷ್ಟು ತಿಂಗಳು ಕಾಯುತ್ತೆ ಅಂತ ಕೇಳ್ತಿದ್ದಳು. ಕೈಯಲ್ಲಿ ಪೂರ್ತಿ ದುಡ್ಡಿದ್ದು, ಮನೆಯ ಯಾವ ಟ್ರಂಕನ್ನೂ ತೆರೆಸದೆ, ಚೆಂದಕ್ಕೆ ಅಂತ ತಗೊಳ್ಳೋರು ಖುಷಿಯಾಗಿ ತಗೊಳ್ಳಲಿ. ನನ್ನ ತಕರಾರು ಅವರ ಮೇಲಲ್ಲ.

ಒಂದು ಮಾತು ಹೇಳಲೇಬೇಕು. ನಾವು ಕೇಳಿ ಬೆಳೆದ ಕಥೆಗಳಲ್ಲಿ ಎರಡು ಉಂಗುರ ಇವೆ. ಹನುಮಂತ ಲಂಕೆಗೆ ಒಯ್ದದ್ದರ ಮೇಲೆ ರಾಮನ ಹೆಸರಿತ್ತು. ಕಾಳಿದಾಸನ ಶಕುಂತಲೆ ಕಳೆದುಕೊಂಡದ್ದರ ಮೇಲೆ ದುಷ್ಯಂತನ ಹೆಸರಿತ್ತು. ಮೀನಿನ ಹೊಟ್ಟೆಯಲ್ಲಿ ಅದು ಸಿಕ್ಕ ಬೆಸ್ತನಿಗೆ ಕಾವಲಿನವರಿಂದ ಏಟೂ ಬಿತ್ತು, ಪಾಪ, ಬಿಲ್ ಇರಲಿಲ್ಲ. ಎರಡರಲ್ಲೂ ಇದ್ದದ್ದು ಕೊಟ್ಟವನ ಹೆಸರು. ಮಾರಿದವನ ಹೆಸರು ಬೆರಳಿಗೆ ಹಾಕಿಕೊಂಡು ಓಡಾಡೋಕೆ ಇಷ್ಟು ದುಡ್ಡು ಕೊಡೋ ಪದ್ಧತಿ ಸೀತೆಗೆ ಹೇಳಿದ್ದರೆ ಏನಂತಿದ್ದಳೋ.

ಉಂಗುರ ಕೊನೆಗೆ ಗಂಗಾವತಿಯಲ್ಲಿ ಮಾಡಿಸಿದೆವು, ಹಾಲ್‌ಮಾರ್ಕ್ ನೋಂದಣಿ ಇರೋ ಒಂದು ಸಣ್ಣ ಅಂಗಡಿಯಲ್ಲಿ. ಇಬ್ಬರಿಗೂ ಒಂದೇ ಥರದ್ದು, ಹರಳಿಲ್ಲದ್ದು, 22 ಕ್ಯಾರಟ್, ತಲಾ ಆರು ಗ್ರಾಂ. ಒಳಮೈಗೆ ಹೆಸರು ಕೆತ್ತಿಸೋಣ ಅಂದ ಹುಡುಗ. ಅಂಗಡಿಯವರು ಕನ್ನಡಕ ಏರಿಸಿ, ಉಂಗುರ ತಿರುವಿ ನೋಡಿ, "ಸರ್ಕಾರದ ಮುದ್ರಿ ಇಷ್ಟ ಜಾಗ ಹಿಡಿತೈತ್ರಿ. ನಿಮ್ಮ ಹೆಸರು ಭಾಳ ಉದ್ದ ಐತಿ. ಎರಡಕ್ಷರ ಕೂಡ್ರಸ್ತೀನಿ, ನಡಿತೈತೇನ್ರಿ?" ಅಂದರು.

ನಡೀತದೆ ಅಂದೆ.