ಹುಲ್ಲಿಗೆ ‘ಕಸ’ ಅಂತ ಹೆಸರಿಟ್ಟೋರು ಯಾರು?

ಸಿಡ್ನಿಯ ಪೆಟ್ರೋಲ್ ಬಂಕುಗಳಲ್ಲಿ ಇ10 ಎಲ್ಲೆಲ್ಲೂ ಕಾಣುತ್ತೆ, ಮೆಲ್ಬರ್ನ್‌ನಲ್ಲಿ ಅಷ್ಟಿಲ್ಲ. ಕಾರಣ ವಿಜ್ಞಾನ ಅಲ್ಲ, ಕಾನೂನು. ನ್ಯೂ ಸೌತ್ ವೇಲ್ಸ್ 2007ರಲ್ಲಿ ಜೈವಿಕ ಇಂಧನ ಕಾಯ್ದೆ ತಂದು, 2011ರ ಹೊತ್ತಿಗೆ 6% ಎಥನಾಲ್ ಗುರಿ ಇಟ್ಟಿತು. ವಿಕ್ಟೋರಿಯಾದಲ್ಲಿ ಅಂಥ ಕಡ್ಡಾಯವೇ ಇಲ್ಲ. ಆ 6% ಅನ್ನು ಸಿಡ್ನಿಯೂ ಮುಟ್ಟಿಲ್ಲ ಅನ್ನೋದು ಬೇರೆ ಮಾತು. ‘ಹುಲ್ಲಿನಿಂದ ಪೆಟ್ರೋಲು’ ಅಂತ ಭಾಷಣ ಮಾಡೋರು ಈ ಇ10 ಕಡೆ ಕೈ ತೋರಿಸ್ತಾರಲ್ಲ, ಅದರಲ್ಲಿರೋ ಎಥನಾಲ್ ಬಹುಪಾಲು ನೌರಾ ಹತ್ತಿರದ ಮ್ಯಾನಿಲ್ಡ್ರಾ ಕಾರ್ಖಾನೆಯ ಗೋಧಿ ಪಿಷ್ಟದ್ದು. ಹುಲ್ಲಿಗೂ ಅದಕ್ಕೂ ಸಂಬಂಧ ಇಲ್ಲ.

ಬೂಷ್ಟಿನ ಕಥೆ ಮಾತ್ರ ನಿಜಕ್ಕೂ ಚೆನ್ನಾಗಿದೆ. ಎರಡನೇ ಮಹಾಯುದ್ಧದಲ್ಲಿ ಸಾಲೊಮನ್ ದ್ವೀಪಗಳಲ್ಲಿ ಅಮೆರಿಕ ಸೈನ್ಯದ ಹತ್ತಿ ಡೇರೆಗಳನ್ನ ತಿಂದುಹಾಕಿದ ಶಿಲೀಂಧ್ರವೇ ಟ್ರೈಕೋಡರ್ಮಾ ರೀಸೈ. ಸಿಡ್ನಿಯ ಮ್ಯಾಕ್ವಾರಿ ವಿಶ್ವವಿದ್ಯಾಲಯದಲ್ಲಿ ಹೆಲೆನಾ ನೆವಲೈನೆನ್ ಈ ಜೀವಿಯ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಇದರ ಕಿಣ್ವಗಳಲ್ಲಿ ಒಂದು ಸೆಲ್ಯುಲೋಸ್ ಸರಪಳಿಯನ್ನ ನಡುವೆ ಕತ್ತರಿಸುತ್ತೆ, ಇನ್ನೊಂದು ತುದಿಯಿಂದ ಕಡಿಯುತ್ತಾ ಬರುತ್ತೆ, ಮೂರನೆಯದು ಉಳಿದ ಜೋಡಿ ಸಕ್ಕರೆಯನ್ನ ಒಡೆಯುತ್ತೆ. ತಮಾಷೆ ಅಂದ್ರೆ, ಸಕ್ಕರೆ ಹೆಚ್ಚಾದಷ್ಟೂ ಕಿಣ್ವವೇ ಮಂಕಾಗುತ್ತೆ. ಲಿಗ್ನಿನ್ ಬೇರೆ ಕಿಣ್ವವನ್ನ ಅಂಟಿಸಿಕೊಂಡು ಬಿಡೋದಿಲ್ಲ.

ಹಾಗಾಗಿ ‘90% ಪರಿವರ್ತನೆ’ ಅಂತ ಓದಿದಾಗ ನನ್ನ ವೃತ್ತಿಯ ಚಾಳಿ: ಯಾವುದರ 90%? ಸಾಮಾನ್ಯವಾಗಿ ಅದು ಆಮ್ಲದಲ್ಲೋ ಹಬೆಯಲ್ಲೋ ಬೇಯಿಸಿದ ಮೇಲೆ ಉಳಿದ ಸೆಲ್ಯುಲೋಸಿನ ಲೆಕ್ಕ, ಅದೂ ತೆಳು ಗಂಜಿಯಂಥ ದ್ರಾವಣದಲ್ಲಿ. ಗದ್ದೆಯಲ್ಲಿ ಬಿದ್ದಿರೋ ಹುಲ್ಲಿನ ಲೆಕ್ಕ ಅಲ್ಲ. ಛೇದವನ್ನ ಮುಚ್ಚಿಟ್ಟು ಅಂಶವನ್ನ ಮೆರೆಸೋದು ಈ ಕ್ಷೇತ್ರದ ಹಳೇ ರೋಗ. ಕಾರ್ಖಾನೆಗಳು ಇದಕ್ಕೆ ಬೆಲೆ ತೆತ್ತಿವೆ: ಅಯೋವಾದಲ್ಲಿ ಡುಪಾಂಟ್ 2015ರಲ್ಲಿ ತೆರೆದು 2017ರಲ್ಲಿ ಕೈಬಿಟ್ಟಿತು, ರೊಮೇನಿಯಾದ ಪೊಡಾರಿಯಲ್ಲಿ ಕ್ಲಾರಿಯಂಟ್ 2023ರಲ್ಲಿ ಬಾಗಿಲು ಹಾಕೋದಾಗಿ ಹೇಳಿತು.

ಈಗ ನಮ್ಮದು. 2022ರ ಆಗಸ್ಟಿನಲ್ಲಿ ಉದ್ಘಾಟನೆಯಾದ ಪಾಣಿಪತ್ ಘಟಕದ ಘೋಷಿತ ಲೆಕ್ಕ ವರ್ಷಕ್ಕೆ 2 ಲಕ್ಷ ಟನ್ ಭತ್ತದ ಹುಲ್ಲು, 3 ಕೋಟಿ ಲೀಟರ್ ಎಥನಾಲ್. ಅಂದ್ರೆ ಟನ್ನಿಗೆ 150 ಲೀಟರ್. ಎಥನಾಲಿನ ಶಕ್ತಿ ಪೆಟ್ರೋಲಿನ ಮೂರನೇ ಎರಡು ಭಾಗ, ಹಾಗಾಗಿ 100 ಲೀಟರ್ ಪೆಟ್ರೋಲಿಗೆ ಸಮ. ಎರಡು ಕಾರಿನ ಟ್ಯಾಂಕು! ಅದಕ್ಕಾಗಿ ಒಂದು ಟನ್ ಹುಲ್ಲನ್ನ ಕೊಯ್ಲಾದ ಕೆಲವೇ ವಾರಗಳಲ್ಲಿ ಕಟ್ಟಿ, ಸಾಗಿಸಿ, ಮಳೆಗೆ ನೆನೆಯದಂತೆ ವರ್ಷವಿಡೀ ಕಾಯಬೇಕು.

ಪಾಣಿಪತ್ ಸುತ್ತ ಆ ಹುಲ್ಲನ್ನ ಸುಡ್ತಾರೆ, ದೆಹಲಿ ಉಸಿರುಗಟ್ಟುತ್ತೆ. ಅಲ್ಲಿ ‘ತ್ಯಾಜ್ಯ’ ಅನ್ನೋ ಮಾತಿಗೆ ಅರ್ಥ ಇದೆ, ಘಟಕಕ್ಕೂ ನನ್ನ ತಕರಾರಿಲ್ಲ. ಆಸ್ಟ್ರೇಲಿಯಾದ ಎಷ್ಟೋ ಗೋಧಿ ರೈತರು ಕೂಳೆಯನ್ನ ತೇವ ಉಳಿಯಲಿ, ಮಣ್ಣು ಹಾರದಿರಲಿ ಅಂತ ಹೊಲದಲ್ಲೇ ಬಿಡ್ತಾರೆ. ನಮ್ಮಲ್ಲಿ ರಾಗಿ ಹುಲ್ಲಿನ ಬಣವೆ, ಜೋಳದ ಕಣಿಕೆಯನ್ನ ಕಸ ಅಂದ್ರೆ ಯಾವ ರೈತನೂ ನಗ್ತಾನೆ.

ಹರಿಹರದಲ್ಲಿ ಎಂಆರ್‌ಪಿಎಲ್ ಯೋಜಿಸಿದ್ದು ದಿನಕ್ಕೆ 60 ಸಾವಿರ ಲೀಟರಿನ ಘಟಕ. ಪಾಣಿಪತ್ ಲೆಕ್ಕದಲ್ಲಿ ದಿನಕ್ಕೆ 400 ಟನ್. ಬರ ಬಿದ್ದ ವರ್ಷ ಗೋಶಾಲೆ ತೆರೆದು ಮೇವಿಗೆ ಪರದಾಡೋ ಜಿಲ್ಲೆಗಳಲ್ಲಿ ಈ 400 ಟನ್ ಯಾರ ಕೊಟ್ಟಿಗೆಯಿಂದ ಬರುತ್ತೆ ಅನ್ನೋದನ್ನ ಯೋಜನಾ ವರದಿ ಬರೆಯೋರು ಮೊದಲ ಪುಟದಲ್ಲೇ ಹೇಳಲಿ.