ಒಂದು ಸಂಜೆ, ಹಲವು ಗಾನ

ಬೇಸಗೆಯ ಒಂದೇ ಸಂಜೆ, ಒಂದೇ ವೇದಿಕೆಯ ಮೇಲೆ, ಭಿನ್ನ ಸಂಪ್ರದಾಯಗಳ ಗಾಯಕವಾದಕರು ಒಬ್ಬರಾದ ಮೇಲೊಬ್ಬರು ಕುಳಿತು ಹಾಡಿ ನುಡಿಸುವುದುಂಟು. ಇಂಥ ಸಂಜೆಯ ಗುಣದೋಷಗಳನ್ನು ಅಳೆಯುವ ಬಗೆ ಹೇಗೆ? ಒಬ್ಬ ವಿದ್ವಾಂಸರ ಕಚೇರಿಯಾದರೆ ಶ್ರುತಿ, ಲಯ, ಮನೋಧರ್ಮಗಳನ್ನು ಪರಿಶೀಲಿಸಿದರೆ ಸಾಕು. ಹಲವರು ಹಂಚಿಕೊಂಡ ಸಂಜೆಗೆ ಇನ್ನೊಂದು ಅಳತೆಗೋಲು ಬೇಕು. ಮೊದಲಿನವರ ಗಾನವು ಮುಂದಿನವರ ಗಾನಕ್ಕೆ ಶ್ರೋತೃವಿನ ಕಿವಿಯನ್ನು ಹದಗೊಳಿಸಿತೆ, ಇಲ್ಲವೆ ದಣಿಸಿತೆ? ಈ ಪ್ರಶ್ನೆಗೆ ದೊರೆಯುವ ಉತ್ತರವೇ ಆ ಸಂಜೆಯ ಬೆಲೆ.

ಬೇಸಗೆಯ ಸಂಗೀತಕ್ಕೆ ಕನ್ನಡನಾಡಿನಲ್ಲಿ ಒಂದು ಹಿರಿಯ ಮೇಲ್ಪಂಕ್ತಿಯಿದೆ. ಎಸ್. ವಿ. ನಾರಾಯಣಸ್ವಾಮಿ ರಾಯರು 1939ರಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಶ್ರೀ ರಾಮಸೇವಾ ಮಂಡಳಿಯನ್ನು ಸ್ಥಾಪಿಸಿದರು. ರಾಮನವಮಿಯು ಚೈತ್ರದಲ್ಲಿ, ಬಿಸಿಲು ಏರುವ ಕಾಲದಲ್ಲಿ ಬರುವ ಹಬ್ಬ. ಹಗಲಿನ ಬೇಗೆಯಲ್ಲಿ ಬಳಲಿದ ಜನರು ಸಂಜೆ ಕೋಟೆ ಪ್ರೌಢಶಾಲೆಯ ಮೈದಾನದ ಚಪ್ಪರದಡಿ ಸೇರಿ ಹಾಡು ಕೇಳುವ ರೂಢಿ ಅಲ್ಲಿ ಬೆಳೆದುಬಂದಿತು. ಎಂ. ಎಸ್. ಸುಬ್ಬುಲಕ್ಷ್ಮಿಯವರು ಹಾಡಿದ ವೇದಿಕೆಯಲ್ಲೇ ಗದಗಿನ ಸೀಮೆಯಿಂದ ಬಂದ ಭೀಮಸೇನ ಜೋಶಿಯವರೂ ಹಾಡಿದರು. ದಕ್ಷಿಣಾದಿಯನ್ನೇ ಮೆಚ್ಚುವ ಊರಿನಲ್ಲಿ ಉತ್ತರಾದಿಗೂ ಮಣೆ ಹಾಕಿದ್ದು ಮಂಡಳಿಯ ದೊಡ್ಡತನ. ಅದಕ್ಕಿಂತ ಮುಖ್ಯವಾದ ಮಾತೆಂದರೆ, ಹಾಡುವವರಿಗೆ ಅಲ್ಲಿ ಸಾಕಷ್ಟು ಹೊತ್ತು ದೊರೆಯಿತು.

ಹೊತ್ತಿನ ಮಾತು ಏಕೆ ಮುಖ್ಯ? ಅರಿಯಕ್ಕುಡಿ ರಾಮಾನುಜ ಅಯ್ಯಂಗಾರ್ಯರು (1890–1967) ರೂಢಿಗೆ ತಂದ ಕರ್ನಾಟಕ ಕಚೇರಿಯ ಕ್ರಮದಲ್ಲಿ ವರ್ಣ, ಕೃತಿಗಳು, ರಾಗ-ತಾನ-ಪಲ್ಲವಿ, ಕೊನೆಗೆ ಲಘುವಾದ ಪದಗಳು ಎಂಬ ಮೆಟ್ಟಿಲುಗಳಿವೆ. ಅಗತ್ಯಬಿದ್ದರೆ ಒಂದೆರಡು ಮೆಟ್ಟಿಲನ್ನು ಬಿಡಬಹುದು. ಹಿಂದೂಸ್ತಾನಿಯ ವಿಲಂಬಿತ ಖಯಾಲಾದರೋ ಒಂದೇ ರಾಗವನ್ನು ಸ್ವರ ಸ್ವರವಾಗಿ ಅರಳಿಸುತ್ತ ಹೋಗುತ್ತದೆ. ಅದನ್ನು ಹದಿನೈದು ನಿಮಿಷಕ್ಕೆ ಕತ್ತರಿಸಿದರೆ ಉಳಿಯುವುದು ಮೊಗ್ಗು ಮಾತ್ರ. ಆದುದರಿಂದ ಎಲ್ಲರಿಗೂ ಗಡಿಯಾರ ನೋಡಿ ಒಂದೇ ಅಳತೆಯ ಸಮಯ ಕೊಡುವುದು ಸಮಾನವಾದರೂ ನ್ಯಾಯವಲ್ಲ.

ಬೇಸಗೆಯು ಇನ್ನೊಂದು ಪರೀಕ್ಷೆಯನ್ನೂ ಒಡ್ಡುತ್ತದೆ. ಶಾಖಕ್ಕೆ ಲೋಹ ಹಿಗ್ಗುವುದರಿಂದ ತಂಬೂರಿಯ ತಂತಿ ಸಡಿಲಗೊಂಡು ಶ್ರುತಿ ಇಳಿಯುತ್ತದೆ. ಒಣಹವೆಗೆ ಮೃದಂಗದ ತೊಗಲು ಬಿಗಿದು ಅದರ ನಾದ ಏರುತ್ತದೆ. ಹೊತ್ತು ಮುಳುಗಿ ಗಾಳಿ ತಂಪಾದಂತೆ ಎರಡೂ ಮತ್ತೆ ಬದಲಾಗತೊಡಗುತ್ತವೆ. ಇದರ ಮೇಲೆ ಒಬ್ಬೊಬ್ಬ ಗಾಯಕರ ಆಧಾರಶ್ರುತಿಯೂ ಬೇರೆ ಬೇರೆ. ಹೀಗಿರುವಾಗ ಇಬ್ಬರ ನಡುವೆ ಶ್ರುತಿ ಮಾಡಿಕೊಳ್ಳುವ ಹೊತ್ತನ್ನು ಭಾಷಣಕ್ಕೂ ಹಾರ ತುರಾಯಿಗಳಿಗೂ ಬಳಸುವುದು ಗಾನಕ್ಕೆ ಮಾಡುವ ಅಪಚಾರ. ಆ ಮೌನ ಶ್ರೋತೃವಿಗೂ ಬೇಕು. ಅವನ ಕಿವಿಯೂ ಹೊಸದಾಗಿ ಶ್ರುತಿಗೂಡಬೇಕಷ್ಟೆ.

ಇಬ್ಬರನ್ನೂ ಒಟ್ಟಿಗೆ ಕೂಡಿಸುವ ಜುಗಲ್‌ಬಂದಿಯಲ್ಲಿ ಈ ಕಷ್ಟ ಇಮ್ಮಡಿಯಾಗುತ್ತದೆ. ನಮ್ಮ ಮೋಹನಕ್ಕೂ ಅವರ ಭೂಪಕ್ಕೂ ಸ್ವರಗಳು ಐದೇ, ಅವೂ ಒಂದೇ. ಆದರೆ ಗಮಕ ಬೇರೆ, ನಡೆ ಬೇರೆ. ಆ ಭೇದವನ್ನು ಸಾವಧಾನವಾಗಿ ಕೇಳಿಸುವ ಜುಗಲ್‌ಬಂದಿಯಿಂದ ನಾವು ಕಲಿಯುತ್ತೇವೆ. ಸವಾಲು-ಜವಾಬಿನ ವೇಗಕ್ಕೆ ಬಿದ್ದು ಚಪ್ಪಾಳೆಯನ್ನು ಬೇಡುವುದರಿಂದ ಎರಡು ಸಂಪ್ರದಾಯಗಳೂ ಬಡವಾಗುತ್ತವೆ.

ನಾರಾಯಣಪೇಟೆ, ಮಕ್ತಲ, ಗದ್ವಾಲಗಳ ನಮಗೆ ಈ ವಿಚಾರವು ದೂರದ್ದಲ್ಲ. ಗದ್ವಾಲ ತಾಲ್ಲೂಕು 1956ರವರೆಗೆ ರಾಯಚೂರು ಜಿಲ್ಲೆಯಲ್ಲಿದ್ದಿತು. ವಿಜಯದಾಸರ ಶಿಷ್ಯರಾದ ಗೋಪಾಲದಾಸರು ನೆಲೆಸಿದ ಉತ್ತನೂರು ಇದೇ ಸೀಮೆಯದು. ನೆರೆಯ ರಾಯಚೂರಿನ ಸಿದ್ಧರಾಮ ಜಂಬಲದಿನ್ನಿಯವರು ವಚನಗಳನ್ನು ಹಿಂದೂಸ್ತಾನಿ ರಾಗಗಳಲ್ಲಿ ಹಾಡಿ ಮನೆಮನೆಗೆ ಮುಟ್ಟಿಸಿದರು. ತೆಲುಗಿನಲ್ಲಿ ಕೃತಿ ರಚಿಸಿದ ತ್ಯಾಗರಾಜರು (1767–1847) ತಮ್ಮ ‘ಪ್ರಹ್ಲಾದ ಭಕ್ತಿ ವಿಜಯ’ದಲ್ಲಿ ಕನ್ನಡದ ಪುರಂದರದಾಸರಿಗೆ ವಂದಿಸಿದ್ದಾರೆ. ಭಾಷೆಗಳು ಹೀಗೆ ಪರಸ್ಪರ ಗೌರವದಿಂದ ಕಲೆತ ನೆಲದಲ್ಲಿ ಹಲವು ಗಾನಗಳ ಸಂಜೆ ಸಹಜವಾಗಿ ಒಪ್ಪತಕ್ಕದ್ದು.

ಆದರೆ ಒಂದು ಎಚ್ಚರ ಬೇಕು. ಗಡಿಯ ಸಭೆಗಳಲ್ಲಿ ಕನ್ನಡವು ಪ್ರಾರ್ಥನೆಯ ಒಂದು ಹಾಡಿಗೆ ಮೀಸಲಾಗಿ, ಉಳಿದ ಹೊತ್ತೆಲ್ಲ ಅನ್ಯರದಾದರೆ, ಅದನ್ನು ಕೂಡುಬಾಳು ಎನ್ನಲಾಗದು. ಅದು ಬಾಗಿಲಲ್ಲಿ ನಿಲ್ಲಿಸಿ ಕಳುಹಿಸುವ ಉಪಚಾರ. ಹಾಗೆಯೇ ತೆಲುಗಿನ ಕೃತಿಯನ್ನು, ಉರ್ದುವಿನ ಗಜಲನ್ನು ಕೆಲವರ ಸಮಾಧಾನಕ್ಕೆಂದು ಒಂದೊಂದು ತುಣುಕಾಗಿ ಸೇರಿಸುವುದೂ ತರವಲ್ಲ. ಕನ್ನಡ ಶಾಲೆಯ ಹುಡುಗನಿಗೆ ತನ್ನ ನುಡಿಯ ಪದವೂ ಒಂದು ರಾಗದ ಪೂರ್ಣ ವಿಸ್ತಾರವನ್ನು ಹೊರಬಲ್ಲುದೆಂದು ಕಿವಿಯಾರೆ ಗೊತ್ತಾಗಬೇಕು. ಆಗ ನೆರೆಯವರ ಹಾಡನ್ನು ಅವನು ಕೀಳರಿಮೆಯಿಲ್ಲದೆ ಮೆಚ್ಚಬಲ್ಲ.

ಗದ್ವಾಲದ ಸೀರೆಯನ್ನು ನಾವೆಲ್ಲ ಬಲ್ಲೆವು. ಒಡಲು ಹತ್ತಿಯದು, ಅಂಚು ಸೆರಗು ರೇಷ್ಮೆಯವು. ಹತ್ತಿಯನ್ನು ರೇಷ್ಮೆಯಂತೆ ತೋರಿಸುವ ಯತ್ನ ಅಲ್ಲಿಲ್ಲ. ನೇಕಾರನ ಜಾಣ್ಮೆಯೆಲ್ಲ ಎರಡೂ ಕೂಡುವೆಡೆಯಲ್ಲಿ, ಎಳೆಗೆ ಎಳೆ ತೊಡರಿಸುವ ಸಹನೆಯಲ್ಲಿದೆ. ಸಂಗೀತದ ಸಂಜೆಯನ್ನು ಏರ್ಪಡಿಸುವವರೂ ಈ ಕೂಡುವೆಡೆಯನ್ನೇ ನೋಡಿಕೊಳ್ಳಬೇಕು. ಐದಾರು ತಂಡಗಳ ಬದಲು ಎರಡು ಮೂರನ್ನು ಆರಿಸಲಿ; ಯಾರ ನಂತರ ಯಾರು ಎಂಬುದನ್ನು ಗಾನದ ಸ್ವಭಾವವನ್ನು ನೋಡಿ ನಿರ್ಧರಿಸಲಿ. ಉಪಾಧ್ಯಾಯಬಂಧುಗಳು ಹಿಂದಿನ ದಿನವೇ ತರಗತಿಯಲ್ಲಿ ನಾಳೆ ಕೇಳುವ ರಾಗದ ಆರೋಹಣ ಅವರೋಹಣಗಳನ್ನು ಮಕ್ಕಳ ಬಾಯಲ್ಲಿ ನಾಲ್ಕು ಸಲ ಹೇಳಿಸಲಿ. ಮನೆಗೆ ಹೋಗುವಾಗ ಮಗುವಿನ ನಾಲಗೆಯ ಮೇಲೆ ಎರಡು ಬಗೆಯ ಹಾಡುಗಳು ಬೆರಕೆಯಾಗದೆ ನಿಂತರೆ, ಆ ಸಂಜೆ ಸಫಲವಾಯಿತೆಂದು ತಿಳಿಯಬಹುದು.