ಸೈಕಲ್ಲಿಗೆ ಗಿಲಕಿ ಹಿಡಿ

ಈ ವಾರ ಹಳೇ ಸೈಕಲ್ಲಿನ ಚರ್ಮದ ಸೀಟಿನ ಬಗ್ಗೆ ಬರೆಯುತ್ತೇನೆಂದು ಹೋದ ವಾರ ಮಾತು ಕೊಟ್ಟಿದ್ದೆ. ಅಷ್ಟರಲ್ಲಿ ಕೊಲರಾಡೊದಲ್ಲಿರುವ ಅಕ್ಕನ ಮಗ ಒಂದು ಫೋಟೊ ಕಳಿಸಿ ಕೆಲಸ ಕೆಡಿಸಿದ. ಹಿಮದ ಮೇಲೆ ಜಾರುವ ಹಳೇ ಮರದ ಸ್ಕೀಗಳನ್ನು ಯಾರದೋ ಗ್ಯಾರೇಜಿನಿಂದ ಅಗ್ಗಕ್ಕೆ ತಂದು, ಕೊಯ್ದು, ಜೋಡಿಸಿ ಜಗಲಿಗೊಂದು ಕುರ್ಚಿ ಮಾಡಿಕೊಂಡಿದ್ದಾನೆ. ‘ಮಾವ, ನಿಮ್ಮ ಸೈಕಲ್ಲುಗಳಿಗೂ ಹೀಗೇನಾದ್ರೂ ಒಂದು ಗತಿ ಕಾಣಿಸಬಹುದಲ್ವಾ?’ ಅಂತ ಕೆಳಗೊಂದು ಸಾಲು.

ಅದು ಹಿಕರಿ ಮರದ ಸ್ಕೀ. ನೀರು ಒಳಗಿಳಿಯಬಾರದೆಂದು ಆ ಕಾಲದವರು ಅದರ ತಳಕ್ಕೆ ಪೈನ್ ಮರದ ಟಾರನ್ನು ಬೆಂಕಿಯ ಕಾವು ಕೊಟ್ಟು ಕುಡಿಸುತ್ತಿದ್ದರು. ಇವನೂ ಒಂದು ಸಲ ಕುಡಿಸಿದ್ದರೆ ಅದು ಇನ್ನೆಷ್ಟು ಚಳಿಗಾಲ ಜಾರುತ್ತಿತ್ತೋ. ಈಗ ಅದರ ಮೇಲೆ ಕೂತು ಕಾಫಿ ಕುಡಿಯುತ್ತಾನೆ.

ಅವನನ್ನೊಬ್ಬನನ್ನೇ ಬೈದು ಪ್ರಯೋಜನವಿಲ್ಲ. ನಮ್ಮ ಬಿಡದಿಯಿಂದ ಆಚೆಗೆ ಈಚೆಗೆ ಮೈಸೂರು ರಸ್ತೆಯ ಹೋಟೆಲುಗಳನ್ನೇ ನೋಡಿ. ತಟ್ಟೆ ಇಡ್ಲಿ ತಿನ್ನಲು ಹೋದ ಒಂದು ಕಡೆ ಗೋಡೆಯ ಮೇಲೆ ಹಳದಿ ಬಣ್ಣ ಬಳಿದ ಸೈಕಲ್ಲು, ಕ್ಯಾರಿಯರಿನಲ್ಲಿ ಪ್ಲಾಸ್ಟಿಕ್ ಹೂವು. ಕೈ ಸುಮ್ಮನಿರದೆ ಪೆಡಲ್ ತಿರುಗಿಸಲು ಹೋದೆ. ವೆಲ್ಡ್ ಮಾಡಿಬಿಟ್ಟಿದ್ದರು! ಇಡ್ಲಿ ಚೆನ್ನಾಗಿತ್ತು, ಆದರೆ ಆ ಕಡೆ ಮತ್ತೆ ಹೋಗಿಲ್ಲ. ಇನ್ನು ಬ್ರೇಕು, ಮಡ್‌ಗಾರ್ಡು, ಚೈನ್‌ಕವರ್ ಎಲ್ಲ ಕಿತ್ತೆಸೆದು ‘ಫಿಕ್ಸಿ’ ಮಾಡುವ ಬೆಂಗಳೂರಿನ ಹುಡುಗರ ವಿಚಾರ ಈ ಅಂಕಣದಲ್ಲಿ ಸಾಕಷ್ಟಾಗಿದೆ. ಅವರಾದರೂ ತುಳಿಯುತ್ತಾರೆ, ಅಷ್ಟು ಪುಣ್ಯ.

ನನ್ನದು 28 ಇಂಚಿನ ಚಕ್ರದ, ಕಡ್ಡಿ ಬ್ರೇಕಿನ ಹರ್ಕ್ಯುಲಿಸ್. 1949ರಲ್ಲಿ ಮದ್ರಾಸಿನಲ್ಲಿ ಶುರುವಾದ ಟಿ.ಐ. ಸೈಕಲ್ಸ್‌ನ ಮಾಲು. ರಾಮನಗರದ ಮಾರುಕಟ್ಟೆಗೆ ರೇಷ್ಮೆಗೂಡಿನ ಚೀಲ ಹೊತ್ತು ಹೊತ್ತು ಇದರ ಕ್ಯಾರಿಯರ್ ಬಾಗಿದೆ. ಆ ಬಾಗನ್ನು ನಾನು ನೆಟ್ಟಗೆ ಮಾಡಿಸಿಲ್ಲ. ತುಕ್ಕಿಗೆ ಸಿಗರೇಟ್ ಪ್ಯಾಕಿನ ಬೇಗಡೆಯನ್ನು ನೀರಲ್ಲಿ ನೆನೆಸಿ ಉಜ್ಜಿದೆ. ಕ್ರೋಮಿಗೆ ಅದಕ್ಕಿಂತ ಒಳ್ಳೆಯ ಮದ್ದಿಲ್ಲ. ಟೈರಿನ ವಿಷಯದಲ್ಲಂತೂ ನಾವು ಅದೃಷ್ಟವಂತರು. ಇಂಗ್ಲೆಂಡಿನವರು ಈ ಅಳತೆಯ ಟೈರಿಗೆ ಊರೂರು ಹುಡುಕಬೇಕು, ನಮಗೆ ಕನಕಪುರ, ಮಾಗಡಿಯ ಪೇಟೆಯಲ್ಲೇ ಸಿಗುತ್ತದೆ. ಎಷ್ಟು ದಿನ ಸಿಗುತ್ತದೋ! 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ಅಟ್ಲಾಸ್‌ನವರು ಸಾಹಿಬಾಬಾದಿನ ಕಾರ್ಖಾನೆ ನಿಲ್ಲಿಸಿದ್ದು ಮರೆತಿಲ್ಲ.

ಓವರಾಯ್ಲಿಂಗ್‌ನಲ್ಲಿ ಎಲ್ಲರೂ ಎಡವುವುದು ಕಾಟರ್ ಪಿನ್ನಿನ ಹತ್ತಿರ. ಕ್ರ್ಯಾಂಕನ್ನು ಅಚ್ಚಿಗೆ ಬಿಗಿದ ಈ ಚೂಪುಮೊಳೆ ವರ್ಷಾನುಗಟ್ಟಲೆ ಕೂತು ಕಚ್ಚಿಕೊಂಡಿರುತ್ತದೆ. ನೇರ ಸುತ್ತಿಗೆ ಬೀಸಿದರೆ ಏಟು ಪಿನ್ನಿಗಲ್ಲ, ಒಳಗಿನ ಬಾಲ್ಸಿಗೆ ಬಿದ್ದು ಬೇರಿಂಗ್ ಕಪ್ಪಿಗೆ ಗುಳಿಬೀಳುತ್ತದೆ. ಕ್ರ್ಯಾಂಕಿನ ಕೆಳಗೆ ನೆಲದಿಂದ ಒಂದು ಕಬ್ಬಿಣದ ಪೈಪು ಆಸರೆ ಕೊಟ್ಟು, ನಟ್ಟನ್ನು ಪಿನ್ನಿನ ತುದಿಗೆ ಸಮ ಬರುವಷ್ಟು ಸಡಿಲಿಸಿ, ಆಮೇಲೆ ಒಂದೇ ಗಟ್ಟಿ ಏಟು. ಆಸರೆಯಿಲ್ಲದೆ ಹೊಡೆಯಬೇಡಿ ಎಂಬ ಪಾಠವನ್ನು ನಾನು ಕಲಿತದ್ದು ಷೆಲ್ಡನ್ ಬ್ರೌನ್ ಬರೆದಿಟ್ಟದ್ದನ್ನು ಓದಿ. 2008ರಲ್ಲಿ ತೀರಿಕೊಂಡ ಮ್ಯಾಸಚೂಸೆಟ್ಸ್‌ನ ಆ ಗಡ್ಡದ ಮೆಕ್ಯಾನಿಕ್ಕನ ಮಾತು ಕೇಳುವುದಕ್ಕೆ ಮೊದಲು ನಾನು ಹಾಳುಮಾಡಿದ ಕಪ್ಪುಗಳು ಎರಡು.

ಒಂದೇ ಒಂದು ಬದಲಾವಣೆ ಮಾಡಿದ್ದೇನೆ. ಮುಂದೆ 44 ಹಲ್ಲು, ಹಿಂದೆ 18 ಇತ್ತು. ಹಿಂದಿನ ಫ್ರೀವೀಲ್ ತೆಗೆದು 22ರದ್ದು ಹಾಕಿ, ಚೈನಿಗೊಂದು ಲಿಂಕ್ ಸೇರಿಸಿದೆ. ಪೆಡಲಿನ ಒಂದು ಪೂರ್ತಿ ಸುತ್ತಿಗೆ ಸುಮಾರು 5.4 ಮೀಟರ್ ಓಡುತ್ತಿದ್ದ ಗಾಡಿ ಈಗ 4.4 ಓಡುತ್ತದೆ. ಮಂಚನಬೆಲೆ ದಾರಿಯ ಏರಿನಲ್ಲಿ ಸೀಟು ಬಿಟ್ಟು ಏಳಬೇಕಾಗಿಲ್ಲ. ‘ಒರಿಜಿನಲ್ ಕೆಡಿಸಿದಿರಿ’ ಎಂದು ಸಂಗ್ರಾಹಕ ಮಿತ್ರರೊಬ್ಬರು ಮುನಿಸಿಕೊಂಡಿದ್ದಾರೆ. ಅವರ ಸೈಕಲ್ಲುಗಳು ಬೆಡ್‌ಶೀಟ್ ಹೊದ್ದು ಮಲಗಿವೆ.

ಹಿಡಿಯದ್ದು ಬೇರೆ ಕಥೆ. ಪ್ಲಾಸ್ಟಿಕ್ ಹಿಡಿ ಬಿಸಿಲಿಗೆ ಅಂಟಂಟಾಗಿ ಕೈಗೆ ಮೆತ್ತುತ್ತಿತ್ತು. ಹ್ಯಾಂಡಲ್ ಬಾರಿನ ಅಳತೆ 22.2 ಮಿ.ಮೀ. ಅಂತ ಚೀಟಿಯಲ್ಲಿ ಬರೆದುಕೊಂಡು ಚನ್ನಪಟ್ಟಣಕ್ಕೆ ಹೋದೆ. ಹಳೇ ರಸ್ತೆಯಲ್ಲೇ, ಎಕ್ಸ್‌ಪ್ರೆಸ್‌ವೇಯಲ್ಲಿ 2023ರ ಆಗಸ್ಟಿನಿಂದ ನಮ್ಮ ಸೈಕಲ್ ಜಾತಿಗೆ ಪ್ರವೇಶವಿಲ್ಲ. ಬೊಂಬೆ ಮಾಡುವವರು ಚೀಟಿ ನೋಡಿ, ‘ಇದು ದೊಡ್ಡ ಗಿಲಕಿ ಹಿಡಿ ಅಷ್ಟೇ ಸಾರ್’ ಎಂದು ಹಾಲೆ ಮರದ ತುಂಡೊಂದನ್ನು ಲೇತಿಗೆ ಕಚ್ಚಿಸಿದರು. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೇ ಕರಗಿ ಕೆಂಪು ಹತ್ತಿತು. ಮೇಲೆ ತಾಳೆಗರಿ ಹಿಡಿದರು, ಕನ್ನಡಿಯಾಯಿತು. ಕನ್ನಡಿಯಾದದ್ದೇ ತಪ್ಪು! ಏಪ್ರಿಲ್ ಬಿಸಿಲಲ್ಲಿ ಅಂಗೈ ಬೆವರಿ, ಇಳಿಜಾರಿನಲ್ಲಿ ಬ್ರೇಕ್ ಹಿಡಿಯುವಾಗ ಕೈ ಜಾರಿತು, ನಾನು ರಾಗಿ ಹೊಲ ಸೇರಿದೆ.

ಮತ್ತೆ ಹೋದೆ. ಅವರು ನಕ್ಕು, ‘ಮಕ್ಕಳು ಗಿಲಕಿ ಹಿಡ್ಕೊಂಡು ಬ್ರೇಕ್ ಹಾಕಲ್ಲ ಸಾರ್’ ಎಂದು, ಕೈ ಹಿಡಿಯುವ ಜಾಗದ ಅರಗು ಕೆರೆದು ಉಗುರಗಲದ ಗೀರುಬಳೆಗಳನ್ನು ಸಾಲಾಗಿ ಕೊರೆದರು. ಅರಗು ಈಗ ಎರಡು ತುದಿಗೆ ಮಾತ್ರ. ಒಳಗೆ ಹಳೇ ಟ್ಯೂಬಿನ ಒಂದು ಪಟ್ಟಿ ಸುತ್ತಿ ತಿರುಚಿ ಕೂರಿಸಿದ್ದೇನೆ. ಒಂದು ಮಳೆಗಾಲ ಕಳೆದಿದೆ, ಅಲುಗಿಲ್ಲ.

ಇದರ ಫೋಟೊವನ್ನು ಕೊಲರಾಡೊಗೆ ಕಳಿಸಿದೆ. ರಾತ್ರಿಯೇ ಉತ್ತರ ಬಂತು. ಕುರ್ಚಿಗೆ ಬೇಡವಾದ ಸ್ಕೀಯ ಬಿದಿರು ಕೋಲುಗಳೆರಡು ಉಳಿದಿವೆಯಂತೆ, ಅವುಗಳ ಚರ್ಮದ ಹಿಡಿ ಹರಿದುಹೋಗಿದೆಯಂತೆ. ‘ಮಾವ, ಇಂಥದ್ದೇ ಒಂದು ಜೊತೆ ಮಾಡಿಸಿ, ಈ ಸಲ ಹಿಮ ಬಿದ್ದಾಗ ಕೋಲು ಊರಿಕೊಂಡು ಹೋಗ್ತೀನಿ.’ ಬಿದಿರಿನ ದಪ್ಪ ಎಷ್ಟೆಂದು ಅಳೆದು ಕಳಿಸು ಅಂದಿದ್ದೇನೆ.